ಜಾನ್ ಬ್ರೈಟ್: ಗಿರಣಿ ಮಾಲೀಕನ ರಾಜಕಾರಣ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಬ್ರೈಟ್‌ನಷ್ಟು ದೀರ್ಘಕಾಲ ಸಂಸತ್ತಿನಲ್ಲಿದ್ದು, ಅವನಷ್ಟು ಕಡಿಮೆ ಅಧಿಕಾರ ಹಿಡಿದು, ಅವನಷ್ಟು ಪ್ರಭಾವ ಬೀರಿದವರು ವಿರಳ. 1843ರಿಂದ 1889ರಲ್ಲಿ ಸಾಯುವ ತನಕ, 1857ರ ಕೆಲವು ತಿಂಗಳು ಬಿಟ್ಟರೆ, ಅವನು ಸಂಸದನಾಗಿಯೇ ಇದ್ದ. ಡರ್ಹಮ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಒಂದಾದ ಮೇಲೊಂದು ಅವನನ್ನು ಆರಿಸಿ ಕಳಿಸಿದವು. ಮಂತ್ರಿಯಾಗಿದ್ದ ಕಾಲವನ್ನೆಲ್ಲ ಕೂಡಿಸಿದರೆ ಐದು ವರ್ಷದ ಆಸುಪಾಸು. ಅಭಿಮಾನಿಗಳು ಅವನನ್ನು ಇಂಗ್ಲೆಂಡಿನ ಆತ್ಮಸಾಕ್ಷಿ ಎಂದರು. ವಿರೋಧಿಗಳು ಗಿರಣಿ ಮಾಲೀಕರ ವಕೀಲ ಎಂದರು. ಎರಡನ್ನೂ ನಾನು ಒಪ್ಪಲಾರೆ. ಅವನ ಬದುಕನ್ನು ಅಳೆಯಬೇಕಾದರೆ, ಯಾರ ನೋವು ಅವನ ಕಿವಿಗೆ ಬಿತ್ತು, ಯಾರದ್ದು ಬೀಳಲಿಲ್ಲ ಎಂದು ನೋಡಬೇಕು.

ಬ್ರೈಟ್ ಹುಟ್ಟಿದ್ದು 1811ರಲ್ಲಿ, ಲ್ಯಾಂಕಷೈರಿನ ರಾಚ್‌ಡೇಲ್‌ನಲ್ಲಿ. ತಂದೆ ಜೇಕಬ್ ಯುದ್ಧವನ್ನೊಪ್ಪದ ಕ್ವೇಕರ್ ಪಂಥದವನು, ಹತ್ತಿ ನೂಲುವ ಗಿರಣಿಯ ಒಡೆಯ. ಹುಡುಗ ಹದಿಹರೆಯದಲ್ಲೇ ಶಾಲೆ ಬಿಟ್ಟು ಗಿರಣಿ ಸೇರಿದ. ಮುಂದೆ ಅದೇ ಸಂಸ್ಥೆ ‘ಜಾನ್ ಬ್ರೈಟ್ ಅಂಡ್ ಬ್ರದರ್ಸ್’ ಆಗಿ ಬೆಳೆಯಿತು, ಜಮಖಾನೆಗಳನ್ನೂ ನೇಯಿತು. ದಿನದಿನದ ವ್ಯವಹಾರವನ್ನು ತಮ್ಮ ಥಾಮಸ್ ಹೊತ್ತುಕೊಂಡದ್ದರಿಂದಲೇ ಅಣ್ಣ ಊರೂರು ತಿರುಗಿ ಭಾಷಣ ಮಾಡಲು ಸಾಧ್ಯವಾಯಿತು. ಜಾನ್‌ನ ಕೀರ್ತಿಯ ಲೆಕ್ಕದಲ್ಲಿ ಥಾಮಸನ ಪಾಲೂ ಇದೆ. ಚರಿತ್ರಕಾರರು ಅದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು.

1841ರಲ್ಲಿ ಅವನ ಮೊದಲ ಹೆಂಡತಿ ಎಲಿಜಬೆತ್ ಕ್ಷಯದಿಂದ ತೀರಿಕೊಂಡಳು. ಮದುವೆಯಾಗಿ ಎರಡೇ ವರ್ಷ. ಮನೆಯಲ್ಲಿ ಹಸುಗೂಸು. ಶೋಕದಲ್ಲಿ ಮುಳುಗಿದ್ದ ಬ್ರೈಟನನ್ನು ನೋಡಲು ಧಾನ್ಯ ಕಾಯಿದೆ ವಿರೋಧಿ ಚಳವಳಿಯ ಮುಂದಾಳು ರಿಚರ್ಡ್ ಕಾಬ್ಡೆನ್ ಬಂದ. ಸಮಾಧಾನದ ಮಾತಾಡಿದ ಮೇಲೆ, ಈ ಹೊತ್ತು ಸಾವಿರಾರು ಮನೆಗಳಲ್ಲಿ ಹೆಂಡಿರು ಮಕ್ಕಳು ಹಸಿವಿನಿಂದ ಸಾಯುತ್ತಿದ್ದಾರೆ, ದುಃಖದ ಮೊದಲ ಭಾರ ಇಳಿದ ಮೇಲೆ ನನ್ನ ಜೊತೆ ಬಾ, ಧಾನ್ಯ ಕಾಯಿದೆ ರದ್ದಾಗುವವರೆಗೆ ವಿಶ್ರಮಿಸುವುದು ಬೇಡ ಎಂದು ಕರೆದ. ಹೊರಗಿನಿಂದ ಬರುವ ಗೋಧಿಗೆ ಸುಂಕ ಹೇರಿ ಜಮೀನ್ದಾರರ ಬೆಳೆಗೆ ಬೆಲೆ ಕಾಯುತ್ತಿದ್ದ ಕಾನೂನು ಅದು. 1846ರಲ್ಲಿ ಪ್ರಧಾನಿ ಪೀಲ್ ತನ್ನ ಪಕ್ಷವನ್ನೇ ಒಡೆದುಕೊಂಡು ಅದನ್ನು ತೆಗೆದುಹಾಕಿದ. ರೊಟ್ಟಿ ಅಗ್ಗವಾದರೆ ಕೂಲಿಯೂ ಅಗ್ಗವಾಗುತ್ತದೆ, ಮಾಲೀಕರಿಗೆ ಬೇಕಾದ್ದು ಅದೇ ಎಂದು ಟೀಕಿಸಿದವರಿದ್ದರು. ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಇಲ್ಲಿ ಮಾಲೀಕನ ಲಾಭವೂ ಬಡವನ ಊಟವೂ ಒಂದೇ ದಾರಿಯಲ್ಲಿದ್ದವು.

ಪರೀಕ್ಷೆ ಎದುರಾದದ್ದು ಆ ದಾರಿ ಕವಲೊಡೆದಲ್ಲಿ. ಗಿರಣಿಯಲ್ಲಿ ಹೆಂಗಸರು, ಎಳೆಯರು ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಯಕೂಡದೆಂಬ ಕಾನೂನು 1847ರಲ್ಲಿ ಬಂತು. ಬ್ರೈಟ್ ಅದನ್ನು ಕಟುವಾಗಿ ವಿರೋಧಿಸಿದ. ವಯಸ್ಕರ ದುಡಿಮೆಯ ಹೊತ್ತನ್ನು ಸರ್ಕಾರ ಗೊತ್ತುಮಾಡಬಾರದು ಎಂಬುದು ಅವನ ವಾದ. ಈ ಸುಧಾರಣೆಗಾಗಿ ಹೋರಾಡುತ್ತಿದ್ದ ಲಾರ್ಡ್ ಆಶ್ಲಿಯನ್ನು, ನಿಮ್ಮ ಡಾರ್ಸೆಟ್ ಸೀಮೆಯ ಹೊಲಗೂಲಿಗಳ ಪಾಡು ಮೊದಲು ನೋಡಿ ಎಂದು ಹಂಗಿಸಿದ. ಆ ಮಾತು ಸುಳ್ಳಲ್ಲ. ಡಾರ್ಸೆಟ್‌ನ ಕೂಲಿಯವರ ಸ್ಥಿತಿ ನಿಜಕ್ಕೂ ಶೋಚನೀಯವಾಗಿತ್ತು. ಆದರೆ ಡಾರ್ಸೆಟ್‌ನ ಕೂಲಿಯವನ ಹಸಿವು ರಾಚ್‌ಡೇಲಿನ ನೂಲುವವಳ ದಣಿವಿಗೆ ಉತ್ತರವಾಗುವುದಿಲ್ಲ. ವರ್ಗದ ಸ್ವಾರ್ಥ ಎಂದು ಇದನ್ನು ತಳ್ಳಿಹಾಕೋಣವೆಂದರೆ ಜಾನ್ ಫೀಲ್ಡೆನ್ ಅಡ್ಡ ಬರುತ್ತಾನೆ. ರಾಚ್‌ಡೇಲಿನ ನೆರೆಯ ಟಾಡ್‌ಮಾರ್ಡೆನ್‌ನ ಗಿರಣಿ ಮಾಲೀಕ ಅವನು. 1847ರ ಮಸೂದೆಯನ್ನು ಸದನದಲ್ಲಿ ಗೆಲ್ಲಿಸಿದವನೂ ಅವನೇ. ಅದೇ ಕಸುಬು, ಅದೇ ಸೀಮೆ, ಅಂಥದೇ ಲಾಭನಷ್ಟ. ಫೀಲ್ಡೆನ್‌ಗೆ ಕಂಡದ್ದು ಬ್ರೈಟ್‌ಗೆ ಕಾಣಲಿಲ್ಲ ಎಂದರೆ ಅದು ಗಿರಣಿಯ ತಪ್ಪಲ್ಲ, ಬ್ರೈಟನದೇ ತಪ್ಪು.

ಕಲಬೆರಕೆಯ ವಿಷಯದಲ್ಲೂ ಇದೇ ಕುರುಡು. 1869ರಲ್ಲಿ ವ್ಯಾಪಾರ ಖಾತೆಯ ಮಂತ್ರಿಯಾಗಿ ಸದನದಲ್ಲಿ ಮಾತಾಡುತ್ತ, ಕಲಬೆರಕೆ ಹುಟ್ಟುವುದೇ ವ್ಯಾಪಾರದ ತೀವ್ರ ಪೈಪೋಟಿಯಿಂದ ಎಂದು ಅದನ್ನು ಹಗುರಾಗಿ ತೆಗೆದುಕೊಂಡ. ಅವನದೇ ಊರಿನ ಟೋಡ್ ಲೇನ್ ಬೀದಿಯಲ್ಲಿ 1844ರಷ್ಟು ಹಿಂದೆಯೇ ನೇಕಾರರೂ ಕುಶಲಕರ್ಮಿಗಳೂ ಸೇರಿ ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು ಮಾರುವ ಸಹಕಾರಿ ಅಂಗಡಿ ತೆರೆದಿದ್ದರು. ಜಗತ್ತಿನ ಸಹಕಾರಿ ಚಳವಳಿ ಮೂಲಮಾದರಿಯೆಂದು ನೋಡುವ ಆ ಅಂಗಡಿಯ ಹೆಮ್ಮೆ, ಕಲಬೆರಕೆಯಿಲ್ಲದ ಸಾಮಾನು ಮತ್ತು ಸರಿಯಾದ ತೂಕ. ಪೈಪೋಟಿ ಬಡವನ ಹಿಟ್ಟಿಗೆ ಏನನ್ನು ಬೆರೆಸುತ್ತದೆ ಎಂದು ರಾಚ್‌ಡೇಲಿನ ಜನರಿಗೆ ಮಂತ್ರಿಗಿಂತ ಚೆನ್ನಾಗಿ ಗೊತ್ತಿತ್ತು.

ಇಷ್ಟು ಹೇಳಿದ ಮೇಲೂ ಯುದ್ಧಗಳ ವಿಷಯದಲ್ಲಿ ನಾನು ಅವನಿಗೆ ತಲೆಬಾಗುತ್ತೇನೆ. ದೇಶವೆಲ್ಲ ಕ್ರೈಮಿಯಾ ಯುದ್ಧದ ಅಮಲಿನಲ್ಲಿದ್ದಾಗ ಅವನು ಎದುರು ನಿಂತ. ಮ್ಯಾಂಚೆಸ್ಟರಿನಲ್ಲಿ ಅವನ ಪ್ರತಿಕೃತಿ ಸುಟ್ಟರು. 1857ರಲ್ಲಿ ಚೀನಾ ಯುದ್ಧದ ಉನ್ಮಾದದ ನಡುವೆ ನಡೆದ ಚುನಾವಣೆಯಲ್ಲಿ ಆ ಕ್ಷೇತ್ರ ಅವನನ್ನು ಸೋಲಿಸಿತು. 1882ರಲ್ಲಿ ಬ್ರಿಟಿಷ್ ನೌಕಾಪಡೆ ಅಲೆಕ್ಸಾಂಡ್ರಿಯಾದ ಮೇಲೆ ಗುಂಡಿನ ಮಳೆಗರೆದಾಗ, ತನ್ನ ಹಳೆಯ ಗೆಳೆಯ ಗ್ಲ್ಯಾಡ್‌ಸ್ಟನ್‌ನ ಸಂಪುಟವನ್ನೇ ಬಿಟ್ಟು ಬಂದ. ಇವೆಲ್ಲಕ್ಕಿಂತ ದೊಡ್ಡದು ಅಮೆರಿಕದ ಅಂತರ್ಯುದ್ಧದ ಕಾಲದ ನಿಲುವು. ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿದ್ದರಿಂದ ಲ್ಯಾಂಕಷೈರಿಗೆ ಹತ್ತಿ ಬರುವುದು ನಿಂತಿತು, ಗಿರಣಿಗಳು ಬಾಗಿಲು ಹಾಕಿದವು. ದಕ್ಷಿಣದ ಗುಲಾಮರ ಒಡೆಯರಿಗೆ ಮನ್ನಣೆ ಕೊಟ್ಟು ಹತ್ತಿ ತರಿಸಿಕೊಳ್ಳೋಣ ಎಂಬ ಒತ್ತಡ ಸಣ್ಣದಾಗಿರಲಿಲ್ಲ. ಬ್ರೈಟ್ ತನ್ನ ಕಸುಬಿನ ಹಿತಕ್ಕೆ ವಿರುದ್ಧವಾಗಿ ಲಿಂಕನ್‌ನ ಪರ ನಿಂತ. 1865ರ ಏಪ್ರಿಲಿನಲ್ಲಿ ಕೊಲೆಯಾದ ರಾತ್ರಿ ಲಿಂಕನ್‌ನ ಜೇಬಿನಲ್ಲಿದ್ದ ಪತ್ರಿಕೆಯ ತುಣುಕುಗಳಲ್ಲಿ ಒಂದು, ಅವನು ಮತ್ತೆ ಗೆಲ್ಲಬೇಕೆಂದು ಬ್ರೈಟ್ ಬರೆದದ್ದರ ಕುರಿತಾಗಿತ್ತು.

ಭಾರತದ ವಿಷಯಕ್ಕೂ ಬ್ರೈಟ್ ಬಂದದ್ದು ಹತ್ತಿಯ ದಾರಿಯಿಂದಲೇ. ಅಮೆರಿಕದ ಗುಲಾಮರ ಹತ್ತಿಯನ್ನೇ ನಂಬಿ ಕೂರುವುದು ಅಪಾಯ ಎಂದು ಅವನಿಗೆ ಮೊದಲೇ ಹೊಳೆದಿತ್ತು. 1848ರಲ್ಲಿ ಭಾರತದ ಹತ್ತಿ ಬೆಳೆಯ ಬಗ್ಗೆ ಸಂಸತ್ತು ನೇಮಿಸಿದ ಸಮಿತಿಗೆ ಅವನೇ ಅಧ್ಯಕ್ಷ. ಸಾಕ್ಷಿಗಳ ಮಾತು ಕೇಳುತ್ತ ಕೇಳುತ್ತ, ಕೊಳ್ಳುವವನಾಗಿ ಕುಳಿತವನಿಗೆ ಬೆಳೆಯುವವನ ಬವಣೆ ಕಂಡಿತು: ಭಾರವಾದ ಕಂದಾಯ, ರಸ್ತೆಯಿಲ್ಲದ ಸೀಮೆ, ನೀರಿಲ್ಲದ ಹೊಲ. ಧಾರವಾಡದ ಎರೆಭೂಮಿಯಲ್ಲಿ ಅಮೆರಿಕದ ಬೀಜ ಹಿಡಿದ ಕಾಲ ಅದು. ಅಲ್ಲಿನ ಅರಳೆ ಎತ್ತುಗಳ ಮೇಲೆ ಘಟ್ಟ ಇಳಿದು ಕುಮಟೆಯ ಬಂದರು ಸೇರಬೇಕಿತ್ತು. ಹಾಗೆ ಹೋದ ಜವಾರಿ ಹತ್ತಿಗೆ ಮಾರುಕಟ್ಟೆಯಲ್ಲಿ ಕುಮಟಾ ಎಂದೇ ಹೆಸರು ಬಿತ್ತು. ಇಂಗ್ಲೆಂಡಿನಲ್ಲಿ ಸರ್ಕಾರ ಮಾರುಕಟ್ಟೆಯಿಂದ ದೂರವಿರಲಿ ಎನ್ನುತ್ತಿದ್ದವನು ಭಾರತದಲ್ಲಿ ಸರ್ಕಾರ ರಸ್ತೆ ಮಾಡಲಿ, ಕಾಲುವೆ ತೋಡಲಿ ಎಂದು ಪಟ್ಟುಹಿಡಿದ. ಒಂದೇ ಮ್ಯಾಂಚೆಸ್ಟರ್ ನಗರ ತನ್ನ ಕುಡಿಯುವ ನೀರಿಗೆ ಮಾಡಿದ ಖರ್ಚು, ಈಸ್ಟ್ ಇಂಡಿಯಾ ಕಂಪನಿ 1834ರಿಂದ 1848ರ ತನಕ ಇಡೀ ಭಾರತದ ಲೋಕೋಪಯೋಗಿ ಕೆಲಸಗಳಿಗೆ ಮಾಡಿದ ಖರ್ಚಿಗಿಂತ ಹೆಚ್ಚು ಎಂದು ಸದನಕ್ಕೆ ತೋರಿಸಿಕೊಟ್ಟ. ಸಿದ್ಧಾಂತವನ್ನು ಬದಿಗಿಟ್ಟು ಸಾಕ್ಷ್ಯವನ್ನು ನಂಬಿದಾಗ ಬ್ರೈಟ್ ಎಷ್ಟು ದೂರ ನೋಡಬಲ್ಲವನಾಗಿದ್ದ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಂಥದೊಂದು ಸಮಿತಿಯಲ್ಲಿ ಕುಳಿತ ತಾಳ್ಮೆಯಿಂದ ತನ್ನ ಗಿರಣಿಯ ಹೆಂಗಸರ ಮಾತನ್ನೂ ಕೇಳಿದ್ದರೆ!

1858ರ ಜೂನಿನಲ್ಲಿ ಅವನು ಇನ್ನೂ ಮುಂದೆ ಹೋದ. ಇಂಗ್ಲೆಂಡ್ ಎಷ್ಟು ಕಾಲ ಭಾರತವನ್ನು ಆಳಬೇಕೆಂದಿದೆ ಎಂದು ಸದನವನ್ನೇ ಕೇಳಿದ. ಗವರ್ನರ್ ಜನರಲ್ ಹುದ್ದೆಯನ್ನು ತೆಗೆದು, ಕಲ್ಕತ್ತ, ಮದರಾಸು, ಮುಂಬಯಿ, ಆಗ್ರಾ, ಲಾಹೋರುಗಳನ್ನು ಕೇಂದ್ರವಾಗಿಟ್ಟು ಸಮಾನ ಅಧಿಕಾರದ ಐದು ಆಡಳಿತಗಳನ್ನು ಕಟ್ಟಿರಿ, ಮುಂದೊಂದು ದಿನ ನಾವು ಬಿಟ್ಟು ಹೊರಟಾಗ ಅವು ತಮ್ಮ ಕಾಲ ಮೇಲೆ ನಿಲ್ಲಲಿ ಎಂದ. 1857ರ ದಂಗೆಯ ಸೇಡಿನ ಆ ವರ್ಷದಲ್ಲಿ ಹೀಗೆ ಹೇಳುವುದಕ್ಕೆ ಎದೆಗಾರಿಕೆ ಬೇಕು. ಭಾರತದಲ್ಲಿ ಹಲವು ಜನಾಂಗ, ಹಲವು ಭಾಷೆ ಇವೆಯೆಂಬುದೇ ಅವನ ಮುಖ್ಯ ವಾದವಾಗಿತ್ತು. ಆದರೂ ಅವನ ಗೆರೆಗಳು ಭಾಷೆಗಳ ಸುತ್ತ ಓಡದೆ ಕಂಪನಿಯ ಕಚೇರಿಗಳ ಸುತ್ತಲೇ ಓಡಿದವು. ಆ ನಕ್ಷೆಯಲ್ಲಿ ಧಾರವಾಡ ಮುಂಬಯಿಗೂ ಬಳ್ಳಾರಿ ಮದರಾಸಿಗೂ ಸೇರಿ, ಕನ್ನಡಿಗರು ಹರಿದೇ ಉಳಿಯುತ್ತಿದ್ದರು.

ಲ್ಯಾಂಕಷೈರಿನ ಹತ್ತಿ ಬರ ಧಾರವಾಡಕ್ಕೆ ಒಮ್ಮಿಂದೊಮ್ಮೆಲೆ ಹಣ ತಂದಿತು. 1862ರಲ್ಲಿ ಕುಮಟೆಯ ಬಂದರಿದ್ದ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮ್ಯಾಂಚೆಸ್ಟರಿನ ಕಂಪನಿಯೊಂದು ಕಾರವಾರದ ಕಡೆಗೆ ಯಂತ್ರ ಸಮೇತ ಬಂತು. ಹತ್ತಿಗೆ ಕಸ ಬೆರೆಸುವವರನ್ನು ಶಿಕ್ಷಿಸಲು 1863ರಲ್ಲಿ ಮುಂಬಯಿ ಸರ್ಕಾರ ಕಾನೂನನ್ನೂ ಮಾಡಿತು. ಗಿರಣಿಯ ಹತ್ತಿಗೆ ಸಿಕ್ಕ ಈ ರಕ್ಷಣೆ ಬಡವನ ಹಿಟ್ಟಿಗೆ ಯಾಕೆ ಬೇಡ ಎಂಬ ಪ್ರಶ್ನೆಯನ್ನು ಬ್ರೈಟ್ 1869ರಲ್ಲಿ ತನಗೆ ತಾನೇ ಹಾಕಿಕೊಳ್ಳಬೇಕಿತ್ತು. ಅಮೆರಿಕದ ಯುದ್ಧ ಮುಗಿದದ್ದೇ ಹತ್ತಿಯ ದರ ಕುಸಿಯಿತು. ಹತ್ತೇ ವರ್ಷದಲ್ಲಿ ಬಂದ 1876-78ರ ಬರ ಕಲಾದಗಿ, ಧಾರವಾಡ, ಬಳ್ಳಾರಿ, ಮೈಸೂರು ಸೀಮೆಗಳನ್ನು ಹಿಂಡಿಹಾಕಿತು.

ನನ್ನ ದೃಷ್ಟಿಯಲ್ಲಿ ಬ್ರೈಟನ ಅತಿ ದೊಡ್ಡ ಲೋಪ ಇರುವುದು 1868ರಲ್ಲಿ. ಗ್ಲ್ಯಾಡ್‌ಸ್ಟನ್ ಅವನಿಗೆ ಭಾರತ ಮಂತ್ರಿಯ ಹುದ್ದೆಯನ್ನೇ ಕೊಡಲು ಮುಂದಾಗಿದ್ದ. ಇಪ್ಪತ್ತು ವರ್ಷ ಭಾರತದ ಪರ ಮಾತಾಡಿದವನು ಅದನ್ನು ಬೇಡವೆಂದು ವ್ಯಾಪಾರ ಖಾತೆ ಹಿಡಿದ. ತನ್ನ ವಿಚಾರಗಳನ್ನು ದೇಶ ಒಪ್ಪುವ ಕಾಲ ಬಂದಿಲ್ಲ, ಆ ಹುದ್ದೆಯ ಸೇನಾ ಕೆಲಸ ಕ್ವೇಕರನಿಗೆ ಹೊಂದದು ಎಂಬುವು ಅವನ ಕಾರಣಗಳು. ಪ್ರಾಮಾಣಿಕ ಕಾರಣಗಳೇ. ಆದರೆ ಕಾಲುವೆಗೆ ಹಣ ಮಂಜೂರು ಮಾಡಲು, ಕಂದಾಯ ಇಳಿಸುವಂತೆ ಆದೇಶಿಸಲು ಯಾವ ಕತ್ತಿಯೂ ಬೇಕಿರಲಿಲ್ಲ. ತನ್ನ ಮನಸ್ಸಿನ ಶುದ್ಧಿಯನ್ನು ಕಾಪಾಡಿಕೊಳ್ಳುವುದು ಅವನಿಗೆ ಆ ಹೊತ್ತು ರೈತನ ಹೊಲಕ್ಕಿಂತ ಮುಖ್ಯವಾಯಿತು. ಒಂಬತ್ತು ವರ್ಷದ ಮೇಲೆ, ದಕ್ಷಿಣ ಭಾರತದಲ್ಲಿ ಲಕ್ಷಗಟ್ಟಲೆ ಜನ ಸಾಯುತ್ತಿದ್ದಾಗ, ಅವನು ಮ್ಯಾಂಚೆಸ್ಟರಿನ ಸಭೆಯಲ್ಲಿ ನಿಂತು ಕಾಲುವೆಗಳನ್ನು ತೋಡಿಸಿ ಎಂದು ಸರ್ಕಾರವನ್ನು ಮತ್ತೆ ಒತ್ತಾಯಿಸಿದ. ಆಗ ಭಾರತ ಮಂತ್ರಿಯ ಕುರ್ಚಿಯಲ್ಲಿದ್ದವನು ಲಾರ್ಡ್ ಸಾಲ್ಸ್‌ಬರಿ. ಬ್ರೈಟನ ಅಂಕಿಅಂಶ, ವಾದಗಳನ್ನು ಜತನದಿಂದ ಎತ್ತಿಟ್ಟುಕೊಂಡು ಸಾಮ್ರಾಜ್ಯದ ಎದುರು ಮತ್ತೆ ಮತ್ತೆ ಹೂಡಿದವನು ದಾದಾಭಾಯಿ ನವರೋಜಿ.