ಬಾಲ್ಸಾ ಮರದ ವಿಮಾನ

1940ರಲ್ಲಿ ವಾಲ್‌ಚಂದ್ ಹೀರಾಚಂದರು ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದಂದಿನಿಂದ, ವೈಟ್‌ಫೀಲ್ಡಿನತ್ತ ಸಾಗುವ ಮಾರ್ಗದ ಮೇಲಣ ಆಕಾಶವು ದೊಡ್ಡ ವಿಮಾನಗಳ ಗರ್ಜನೆಗೆ ಒಗ್ಗಿಹೋಗಿದೆ; ನನ್ನ ಮನಸ್ಸನ್ನು ಸೂರೆಗೊಂಡುದಾದರೋ, ನಗರದ ಉತ್ತರದಂಚಿನ ಜಕ್ಕೂರಿನಲ್ಲಿ ಎನ್.ಸಿ.ಸಿ. ವಾಯುದಳದ ಹುಡುಗ ಹುಡುಗಿಯರು ಕಲಿಯುವ ಮಾದರಿ ವಿಮಾನದ ವಿದ್ಯೆ.

ರೆಕ್ಕೆ ಕಟ್ಟುವುದನ್ನು ಕುಳಿತು ನೋಡಬೇಕು. ನೀರಿಗಿಂತ ಸುಮಾರು ಆರು ಪಟ್ಟು ಹಗುರಾದ ಬಾಲ್ಸಾ ಮರದ ತೆಳುಹಲಗೆಯಿಂದ ಪಕ್ಕೆಲುಬುಗಳನ್ನು ಕೊಯ್ದು, ಅವನ್ನೆಲ್ಲ ಒಟ್ಟಿಗೆ ಅಡಕಿ ಮರಳುಕಾಗದದಿಂದ ಉಜ್ಜಿ ಒಂದೇ ವಕ್ರರೇಖೆಗೆ ತಂದು, ನಕ್ಷೆಯ ಮೇಲೆ ಗುಂಡುಸೂಜಿಗಳಿಂದ ನಿಲ್ಲಿಸಿ, ಅಂಟು ಒಣಗಿದ ಮೇಲೆ ತೆಳುಕಾಗದ ಹೊದಿಸಿ ನೀರು ಚಿಮುಕಿಸಿದರೆ, ಸುಕ್ಕಾಗಿದ್ದ ಆ ಹೊದಿಕೆಯು ಆರುತ್ತಾರುತ್ತ ಮೃದಂಗದ ಮುಚ್ಚಿಗೆಯಂತೆ ಬಿಗಿದುಕೊಳ್ಳುತ್ತದೆ. ಮೇಲೆ ಬಳಿಯುವ ಡೋಪ್ ಎಂಬ ಲೇಪದ ತೀಕ್ಷ್ಣಗಂಧವನ್ನು ಸಹಿಸಲಾರದವರು ಹೊರಗೆ ನಿಲ್ಲುವುದು ಲೇಸು. ಬಳಿಕ ಗುರುತ್ವಕೇಂದ್ರದ ಪರೀಕ್ಷೆ: ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲುಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಬೆರಳಿಟ್ಟು ಎತ್ತಿದಾಗ ವಿಮಾನವು ತೂಗದೆ ನಿಲ್ಲಬೇಕು; ಬಾಲ ತಗ್ಗಿದರೆ ಮೂತಿಗೆ ಸೀಸದ ಚೂರು.

1871ರಲ್ಲಿ ಪ್ಯಾರಿಸಿನ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಹಾರಿಸಿದ ರಬ್ಬರುಸುರುಳಿಯ ಪುಟ್ಟ ಯಂತ್ರವು 11 ಸೆಕೆಂಡುಗಳಲ್ಲಿ 40 ಮೀಟರು ಸಾಗಿದುದು ಇಂತಹುದೇ ಸಮತೋಲದ ಬಲದಿಂದ.

ಹಾರಿಸುವ ಹೊತ್ತಿಗೆ ಜನ ಸೇರುವುದು ರೇಡಿಯೋ ನಿಯಂತ್ರಣದ ವಿಮಾನಕ್ಕೆ. ನನ್ನ ಪಕ್ಷಪಾತವೋ ತಂತಿಯ ವಿಮಾನದ ಕಡೆಗೆ. ವೃತ್ತದ ನಡುವೆ ತಾನೂ ತಿರುಗುತ್ತ ನಿಂತವನು ಹಿಡಿಯನ್ನು ಕೂದಲೆಳೆಯಷ್ಟು ಓರೆಮಾಡಿದರೆ ಸಾಕು, ಎರಡು ಉಕ್ಕಿನ ತಂತಿಗಳ ಮೂಲಕ ಆ ಸನ್ನೆ ಬಾಲದ ಪಟ್ಟಿಗೆ ತಲುಪಿ, ವಿಮಾನವು ಏರುತ್ತದೆ, ಇಳಿಯುತ್ತದೆ. ಗಾಳಿಯ ಪ್ರತಿಯೊಂದು ಎಳೆತವೂ ಮರಳಿ ಅವನ ಅಂಗೈಗೇ ಬರುತ್ತದೆ.