ಮೇಲೆ ಒಣಗಿದ ಕಾಳು, ಒಳಗೆ ತೇವ

ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಹೋಗುತ್ತಿದ್ದಾಗ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಗಲಿತು. ವಿಚಾರಿಸಿದಾಗ, ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ನೆನೆದುದನ್ನು ಜನರಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ತಕ್ಕಡಿ, ಅಕ್ಕಿ, ಬಟ್ಟೆಯ ವಿಷಯ ಬಂದಾಗ ನೆನಪಿಸಿಕೊಳ್ಳುತ್ತೇವೆ. ಆದರೆ ಅಂತರ್ಜಾಲವೆಂಬ ಇಂದಿನ ಮಾರುಕಟ್ಟೆಯಲ್ಲಿ ರಾಶಿಯ ಮೇಲ್ಭಾಗವನ್ನು ಸಿಂಗರಿಸುವುದೇ ಒಂದು ಉದ್ಯೋಗವಾಗಿದೆ. ಅದರ ಹೆಸರು ಸರ್ಚ್ ಎಂಜಿನ್ ಆಪ್ಟಿಮೈಸೇಶನ್, ಚಿಕ್ಕದಾಗಿ ಎಸ್‌ಇಒ. ಹುಡುಕುವವರಿಗೆ ನಮ್ಮ ಪುಟ ಮೊದಲು ಕಾಣುವಂತೆ ಮಾಡುವ ವಿದ್ಯೆ.

ಈ ವಿದ್ಯೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಂಗಡಿಗೆ ಬೋರ್ಡು ಹಾಕುವುದು ತಪ್ಪಲ್ಲ. ಬೋರ್ಡಿನಲ್ಲಿ ಬರೆದದ್ದು ಒಳಗೆ ಇದೆಯೇ ಎಂಬುದಷ್ಟೇ ಪ್ರಶ್ನೆ.

ಹುಡುಕುಯಂತ್ರ ಕೆಲಸ ಮಾಡುವ ಬಗೆ ನಮಗೆ ತೀರಾ ಅಪರಿಚಿತವೇನಲ್ಲ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್, ಗೂಗಲ್‌ನ ಹಿಂದಿನ ವಿಚಾರವನ್ನು ಪ್ರಕಟಿಸಿದರು. ಒಂದು ಪುಟದ ಕಡೆಗೆ ಎಷ್ಟು ಪುಟಗಳು ಕೊಂಡಿ ನೀಡಿವೆ ಎಂಬುದು ಮಾತ್ರವಲ್ಲ, ಕೊಂಡಿ ಕೊಟ್ಟ ಪುಟದ ತೂಕವೆಷ್ಟು ಎಂಬುದೂ ಲೆಕ್ಕಕ್ಕೆ ಬರಬೇಕು ಎಂಬುದು ಅದರ ತಿರುಳು. ಹದೀಸ್ ವಿದ್ವಾಂಸರ ಸನದ್ ಪರಂಪರೆ ನೆನಪಾಗದಿರದು. ಅವರು ಹೇಳಿದವರೆಷ್ಟು ಮಂದಿ ಎಂದಷ್ಟೇ ಕೇಳುತ್ತಿರಲಿಲ್ಲ. ಹೇಳಿದವನು ಯಾರು, ಯಾರಿಂದ ಕೇಳಿದ, ಅವರಿಬ್ಬರೂ ಭೇಟಿಯಾಗಿದ್ದರೇ, ಅವನ ನಡತೆ ಹೇಗಿತ್ತು ಎಂದೂ ಕೇಳುತ್ತಿದ್ದರು. ಆದರೂ ಜನರನ್ನು ಸೇರಿಸುವ ಆಸೆಗೆ ಕಥೆ ಹೇಳುವವರು ಸುಳ್ಳು ಹದೀಸ್ ಕಟ್ಟಿದರು. ವಿದ್ವಾಂಸರು ಅವುಗಳನ್ನು ಬೇರ್ಪಡಿಸಲು ಆಯುಷ್ಯ ಸವೆಸಿದರು.

ಅಂತರ್ಜಾಲದಲ್ಲಿಯೂ ಇದೇ ನಡೆಯಿತು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಪದಗಳನ್ನು ತುಂಬಿದರು. ಓದುಗನಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. ಯಂತ್ರಕ್ಕೊಂದು ಪುಟ, ಮನುಷ್ಯನಿಗೆ ಇನ್ನೊಂದು ಪುಟ ತೋರಿಸಿದರು. ಇಂಥ ಕಾರಣಕ್ಕೇ 2006ರಲ್ಲಿ ಗೂಗಲ್ ಬಿಎಂಡಬ್ಲ್ಯೂ ಕಂಪೆನಿಯ ಜರ್ಮನ್ ತಾಣವನ್ನು ತನ್ನ ಪಟ್ಟಿಯಿಂದ ಸ್ವಲ್ಪ ಕಾಲ ಕಿತ್ತುಹಾಕಿತ್ತು. ಅಮೆರಿಕದ ಜೆಸಿ ಪೆನ್ನಿ ಮಳಿಗೆ ಸಂಬಂಧವಿಲ್ಲದ ಸಾವಿರಾರು ಪುಟಗಳ ಕೊಂಡಿಗಳ ಬಲದಿಂದ ಮೇಲೇರಿದ್ದನ್ನು 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ಅದರ ಸ್ಥಾನ ಕುಸಿಯಿತು. ಅದೇ ವರ್ಷ ಪಾಂಡಾ, 2012ರಲ್ಲಿ ಪೆಂಗ್ವಿನ್ ಎಂಬ ಹೆಸರಿನ ಬದಲಾವಣೆಗಳು ಬಂದವು. ಮೊದಲನೆಯದು ಟೊಳ್ಳು ಪುಟಗಳನ್ನು, ಎರಡನೆಯದು ಕೊಂಡ ಕೊಂಡಿಗಳನ್ನು ಗುರಿಯಾಗಿಸಿತು. ಕಳ್ಳ ಪೊಲೀಸರ ಈ ಆಟ ಇನ್ನೂ ಮುಗಿದಿಲ್ಲ.

ಇಲ್ಲಿ ಪೊಲೀಸನೂ ವ್ಯಾಪಾರಿಯೇ ಎಂಬುದನ್ನು ಮರೆಯಬಾರದು. ಜಾಹೀರಾತಿನಿಂದ ಬದುಕುವ ಹುಡುಕುಯಂತ್ರ ಸಹಜವಾಗಿಯೇ ಜಾಹೀರಾತುದಾರರ ಕಡೆಗೆ ವಾಲುತ್ತದೆ ಎಂದು ಪೇಜ್ ಮತ್ತು ಬ್ರಿನ್ 1998ರ ಆ ಪ್ರಬಂಧದಲ್ಲಿಯೇ ಎಚ್ಚರಿಸಿದ್ದರು. 2000ದಲ್ಲಿ ಅವರದೇ ಸಂಸ್ಥೆ ಜಾಹೀರಾತು ವ್ಯವಸ್ಥೆ ಆರಂಭಿಸಿತು. ಹುಡುಕಾಟದ ಮಾರುಕಟ್ಟೆಯಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು 2024ರಲ್ಲಿ ಅಮೆರಿಕದ ನ್ಯಾಯಾಲಯವೊಂದು ತೀರ್ಪು ನೀಡಿತು.

ಇನ್ನು ನಮ್ಮ ಬೀದಿಗೆ ಬರೋಣ. ಮದುವೆ ಶೇರ್ವಾನಿ ಹೊಲಿಯುವ ನನ್ನ ಅಕ್ಕನ ಮಗ ಒಂದು ದಿನ ಓಡಿ ಬಂದ. "ಮಾಮೂ, ನಮ್ಮ ಅಂಗಡಿ ಗೂಗಲ್‌ನಲ್ಲಿ ಮೊದಲನೇ ಸ್ಥಾನಕ್ಕೆ ಬಂತು ನೋಡಿ" ಎಂದ. ಮೊದಲ ಸ್ಥಾನದ ಗ್ಯಾರಂಟಿ ಕೊಟ್ಟ ಸಂಸ್ಥೆಯೊಂದಕ್ಕೆ ಆತ ತಿಂಗಳು ತಿಂಗಳೂ ಹಣ ಕಟ್ಟುತ್ತಿದ್ದ. ಏನೆಂದು ಹುಡುಕಿದೆ ಎಂದು ಕೇಳಿದೆ. ತನ್ನ ಅಂಗಡಿಯ ಪೂರ್ತಿ ಹೆಸರನ್ನೇ ಹಾಕಿದ್ದ! ಆ ಹೆಸರು ಗೊತ್ತಿದ್ದವನಿಗೆ ಅಂಗಡಿಯ ದಾರಿಯೂ ಗೊತ್ತಿರುತ್ತದೆ. ಶೇರ್ವಾನಿ ಎಂದೂ ನಮ್ಮ ಊರಿನ ಹೆಸರನ್ನೂ ಹಾಕಿ ಹುಡುಕಿದಾಗ ಮೂರು ಪುಟ ದಾಟಿದರೂ ಆತನ ಸುಳಿವಿರಲಿಲ್ಲ. ಹುಡುಗನ ಮುಖ ಬಾಡಿತು.

ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರೆಂದು ಗೂಗಲ್ ತಾನೇ ಹೇಳುತ್ತದೆ. ಪ್ರಾಮಾಣಿಕ ಕೆಲಸಕ್ಕೂ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆನ್ನುತ್ತದೆ. ಆ ಪ್ರಾಮಾಣಿಕ ಕೆಲಸವಾದರೂ ಯಾವುದು? ಪುಟಕ್ಕೆ ಒಳಗಿನ ವಿಷಯ ತಿಳಿಸುವ ಶೀರ್ಷಿಕೆ, ಗಿರಾಕಿ ಬಾಯಲ್ಲಿ ಆಡುವ ಪದಗಳು, ಮೊಬೈಲಿನಲ್ಲಿ ಬೇಗ ತೆರೆದುಕೊಳ್ಳುವ ಪುಟ, ತನ್ನದೇ ಕೆಲಸದ ಫೋಟೋಗಳು. ನಕ್ಷೆಯಲ್ಲಿ ಅಂಗಡಿಯ ವಿಳಾಸ, ಸಮಯ, ದೂರವಾಣಿ ಸಂಖ್ಯೆಯನ್ನು ಸರಿಯಾಗಿ ದಾಖಲಿಸುವುದಕ್ಕೆ ಹಣವೇ ಬೇಡ. ಹುಡುಗ ಇಷ್ಟನ್ನು ತಾನೇ ಮಾಡಬಹುದಿತ್ತು.

ಕತೆಗಾರನಾಗಿ ನನ್ನನ್ನು ಕಾಡುವುದು ಹಣದ ನಷ್ಟಕ್ಕಿಂತ ಭಾಷೆಯ ನಷ್ಟ. ಬಿರಿಯಾನಿ ಮಾಡುವ ವಿಧಾನ ಹುಡುಕಿದರೆ ಬಿರಿಯಾನಿ ಎಂದರೇನು, ಬಿರಿಯಾನಿ ಏಕೆ ಬೇಕು, ಬಿರಿಯಾನಿಯ ಲಾಭಗಳೇನು ಎಂದು ಸುತ್ತಿ ಸುತ್ತಿ ಬರೆದ ಪುಟಗಳು ಸಿಗುತ್ತವೆ. ಅಕ್ಕಿ ಎಷ್ಟು ಹೊತ್ತು ನೆನೆಯಬೇಕೆಂಬುದು ಕೊನೆಗೂ ತಿಳಿಯುವುದಿಲ್ಲ. ಬರೆದವನ ಮುಂದೆ ಹಸಿದ ಮನುಷ್ಯನಿರಲಿಲ್ಲ, ಪದ ಎಣಿಸುವ ಯಂತ್ರವಿತ್ತು. ಕೇಳುಗನಿಲ್ಲದ ಮಾತಿಗೆ ದನಿಯಿರುವುದಿಲ್ಲ. ಈಗಂತೂ ಇಂಥ ಬರಹವನ್ನು ಬರೆಯುವುದೂ ಯಂತ್ರವೇ. 2024ರಿಂದ ಭಾರತದಲ್ಲಿಯೂ ಗೂಗಲ್ ಹಲವು ಪ್ರಶ್ನೆಗಳಿಗೆ ತಾನೇ ಸಾರಾಂಶ ಬರೆದು ಮೇಲಿಡುತ್ತಿದೆ. ಮೂಲ ಬರೆದವನ ಬಾಗಿಲಿಗೆ ಓದುಗ ಬರುವ ಅಗತ್ಯವೇ ಕಡಿಮೆಯಾಗುತ್ತಿದೆ.

ಹಾಗೆಂದು ನಾವು ಈ ಮಾರುಕಟ್ಟೆಗೆ ಬೆನ್ನು ತಿರುಗಿಸಬಹುದೇ? ಕನ್ನಡ ಯುನಿಕೋಡ್‌ಗೆ ಸೇರಿದ್ದು 1991ರಲ್ಲಿ. ಆದರೂ ನಮ್ಮ ಪತ್ರಿಕೆ, ಪುಸ್ತಕಗಳ ದೊಡ್ಡ ಪಾಲು ವರ್ಷಗಟ್ಟಲೆ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿಯೇ ಸಿದ್ಧವಾಯಿತು. ಕಣ್ಣಿಗೆ ಕನ್ನಡವಾಗಿ ಕಾಣುವ ಆ ಕಡತಗಳು ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಅವುಗಳನ್ನು ಪರಿವರ್ತಿಸದೆ ಜಾಲಕ್ಕೇರಿಸಿದರೆ ಕನ್ನಡದಲ್ಲಿ ಹುಡುಕುವವನಿಗೆ ಸಿಗುವುದಿಲ್ಲ. ಕಾಗುಣಿತದ ತೊಡಕು ಬೇರೆ. ನಾವು ರಮಝಾನ್ ಎನ್ನುತ್ತೇವೆ, ದಿನಪತ್ರಿಕೆಗಳು ರಂಜಾನ್ ಎನ್ನುತ್ತವೆ. ನಾವು ನಮಾಝ್ ಎಂದರೆ ಇನ್ನೊಬ್ಬರು ನಮಾಜು ಎನ್ನುತ್ತಾರೆ. ಇವೆರಡೂ ಒಂದೇ ಎಂಬುದನ್ನು ಯಂತ್ರವೇ ಅರಿತುಕೊಳ್ಳುತ್ತದೆಂದು ನಂಬಿ ಕೂರುವಂತಿಲ್ಲ. ನಮ್ಮ ಬರಹದಲ್ಲಿ ನೆರೆಯವರ ಪದವೂ ಒಮ್ಮೆ ಬಂದರೆ ಅದು ವಂಚನೆಯಲ್ಲ, ಅವರಿಗಾಗಿ ತೆರೆದಿಟ್ಟ ಬಾಗಿಲು.

ತಲಾಕ್, ಮಹರ್, ಜಿಹಾದ್ ಎಂದರೇನೆಂದು ಇಂದು ನೆರೆಮನೆಯ ಹುಡುಗ ನಮ್ಮನ್ನು ಕೇಳುವುದಿಲ್ಲ, ಮೊಬೈಲನ್ನು ಕೇಳುತ್ತಾನೆ. ನಮ್ಮ ವಿದ್ವಾಂಸರು ದಶಕಗಳಿಂದ ಕನ್ನಡದಲ್ಲಿ ಬರೆದ ಉತ್ತರ ಹಳೆಯ ಫಾಂಟಿನ ಕಡತದಲ್ಲೋ ಕಪಾಟಿನಲ್ಲೋ ಮಲಗಿರುತ್ತದೆ. ವಿಷಯ ತಿಳಿಯದ, ಆದರೆ ಮೇಲೇರುವ ಕಲೆ ತಿಳಿದವನ ಉತ್ತರ ಅವನ ಕೈಗೆ ಸಿಗುತ್ತದೆ. ತೇವದ ಕಾಳನ್ನು ಒಳಗೆ ಅಡಗಿಸುವುದು ವಂಚನೆ. ಒಳ್ಳೆಯ ಕಾಳನ್ನು ಮಾರುಕಟ್ಟೆಗೇ ತಾರದೆ ಮನೆಯಲ್ಲಿ ಮುಗ್ಗಲು ಬಿಡುವುದಕ್ಕೆ ನಾವು ಯಾವ ಹೆಸರು ಕೊಡೋಣ?