ಕಾರ್ಪಸ್ ಫಂಡ್ ಎಂಬ ಹುಸಿ ಧೈರ್ಯ

ಬೆಂಗಳೂರಿನಲ್ಲಿ ಫ್ಲಾಟ್ ಕೊಳ್ಳುವವರು ಚದರಡಿಗೆ ಇಂತಿಷ್ಟು ಎಂದು ಬಿಲ್ಡರ್‌ಗೆ ಕಾರ್ಪಸ್ ಫಂಡ್ ಕಟ್ಟುತ್ತಾರೆ. ಮುಂದೆ ಅದು ಅಸೋಸಿಯೇಷನ್ ಕೈಗೆ ಬಂದು ಬ್ಯಾಂಕಿನಲ್ಲಿ ಎಫ್‌ಡಿ ಆಗುತ್ತದೆ. ಅಷ್ಟು ದುಡ್ಡಿದೆಯಲ್ಲ, ಇನ್ನೇನು ಚಿಂತೆ ಎಂದು ಎಲ್ಲರೂ ನಿರಾಳ. ಆದರೆ ಟೆರೇಸು, ಪೈಪು, ಲಿಫ್ಟುಗಳು ಎಷ್ಟು ವರ್ಷ ಬಾಳುತ್ತವೆ, ಆಗ ಎಷ್ಟು ಬೇಕು ಎಂದು ಕೂಡಿಸಿ ನೋಡಿ ಆ ಮೊತ್ತ ಗೊತ್ತುಮಾಡಿದ ಕಡೆ ಬಹಳ ಅಪರೂಪ. ಎಷ್ಟೋ ಕಡೆ ಎಫ್‌ಡಿ ಬಡ್ಡಿಯನ್ನು ತಿಂಗಳ ಮೇಂಟೆನೆನ್ಸ್ ಏರದಂತೆ ತಡೆಯಲು ಬಳಸುತ್ತಾರೆ. ಇದನ್ನು ನಾನು ಒಳ್ಳೆಯ ಆಡಳಿತ ಎಂದು ಒಪ್ಪಲಾರೆ.

ಕಟ್ಟಡ ಸವೆಯುವ ಬಗೆ ನೋಡಿ. ಟೆರೇಸಿನ ವಾಟರ್‌ಪ್ರೂಫಿಂಗ್ ಕೆಟ್ಟು ಮೇಲಿನ ಮಹಡಿಯ ಸೀಲಿಂಗಿನಲ್ಲಿ ಹಳದಿ ಕಲೆ ಮೂಡುತ್ತದೆ. ಕಮಿಟಿ ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸುತ್ತದೆ. ನೀರು ಮಾತ್ರ ಸ್ಲ್ಯಾಬಿನೊಳಗೆ ಇಳಿದು ಸರಳುಗಳನ್ನು ಮುಟ್ಟುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಸರಳಿನುದ್ದಕ್ಕೂ ಸೀಳಿ ಇನ್ನಷ್ಟು ನೀರಿಗೆ ದಾರಿ ಬಿಡುತ್ತದೆ. ಹಕ್ಕಳೆ ಎದ್ದು ನೆಲಕ್ಕೆ ಬೀಳುವ ಹೊತ್ತಿಗೆ ಟೆರೇಸಿನ ಕೆಲಸ ಸ್ಲ್ಯಾಬಿನ ಕೆಲಸವಾಗಿರುತ್ತದೆ, ಖರ್ಚೂ ಬೇರೆಯೇ. ಆಗ ಸರ್ವಸದಸ್ಯರ ಸಭೆ ಕರೆದು ಮನೆಗಿಷ್ಟು ಲಕ್ಷ ಎಂದು ಹೇರುತ್ತಾರೆ. ನಿವೃತ್ತರು ಎಲ್ಲಿಂದ ತರಬೇಕು? ಹತ್ತು ವರ್ಷ ಲಿಫ್ಟ್ ಸವೆಸಿದವರು ಮನೆ ಮಾರಿ ಹೋಗಿರುತ್ತಾರೆ. ಅವರ ಪಾಲಿನ ಸವೆತಕ್ಕೂ ಈಚೆಗೆ ಕೊಂಡವರೇ ದುಡ್ಡು ತೆರಬೇಕು. ಈ ಅನ್ಯಾಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

ಮಹಾರಾಷ್ಟ್ರ ಈ ವಿಷಯದಲ್ಲಿ ನಮಗಿಂತ ಮುಂದೆ. ಅಲ್ಲಿನ ಸಹಕಾರಿ ವಸತಿ ಸಂಘಗಳ ಮಾದರಿ ಉಪನಿಯಮಗಳ ಪ್ರಕಾರ ನಿರ್ಮಾಣ ವೆಚ್ಚದ ಶೇ. 0.75ರಷ್ಟನ್ನು ವರ್ಷವೂ ದುರಸ್ತಿ ನಿಧಿಗೆ, ಶೇ. 0.25ರಷ್ಟನ್ನು ಸಿಂಕಿಂಗ್ ಫಂಡ್‌ಗೆ, ಅಂದರೆ ಮುಂದಿನ ದೊಡ್ಡ ಕೆಲಸಗಳಿಗೆಂದು ಕೂಡಿಡುವ ನಿಧಿಗೆ, ಎತ್ತಿಡಬೇಕು. 15 ವರ್ಷ ದಾಟಿದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದರೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್. ಇದರಲ್ಲೂ ಒಂದು ಕೊರತೆಯಿದೆ: ಲೆಕ್ಕಕ್ಕೆ ಹಿಡಿಯುವುದು ಅಂದಿನ ನಿರ್ಮಾಣ ವೆಚ್ಚ, ಕೂಲಿ-ಸಿಮೆಂಟಿಗೆ ತೆರುವುದು ಇಂದಿನ ದರ. ಫ್ಲಾಟ್ ಕಟ್ಟಡಗಳ ದುರಸ್ತಿ ಯೋಜನೆ ಕುರಿತು ಜಪಾನ್ ಸರ್ಕಾರ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಕನಿಷ್ಠ 30 ವರ್ಷದ ಯೋಜನೆ, ಅದರೊಳಗೆ ಎರಡು ದೊಡ್ಡ ದುರಸ್ತಿ, ಸುಮಾರು 5 ವರ್ಷಕ್ಕೊಮ್ಮೆ ದರ ಮತ್ತು ಕಟ್ಟಡದ ಸ್ಥಿತಿ ನೋಡಿ ತಿದ್ದುಪಡಿ. ಪ್ರತಿ ಮನೆಯ ಕಂತು ಮೊದಲಿನಿಂದಲೂ ಸಮನಾಗಿರುವುದು ಒಳ್ಳೆಯದು ಎಂಬುದೂ ಆ ಮಾರ್ಗಸೂಚಿಯ ನಿಲುವು.

ನಮ್ಮಲ್ಲಿ ಕಾನೂನು ಬದಲಾಗಲಿ ಎಂದು ಕಾಯಬೇಕಿಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ರಚನೆ, ಕಾಮಗಾರಿಯ ದೋಷಗಳನ್ನು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಹಾಗಾಗಿ ಅಸೋಸಿಯೇಷನ್ ನಾಲ್ಕನೇ ವರ್ಷವೇ ಸ್ವತಂತ್ರ ಇಂಜಿನಿಯರ್ ಒಬ್ಬರಿಂದ ಟೆರೇಸಿನಿಂದ ಸಂಪಿನವರೆಗೆ ತಪಾಸಣೆ ಮಾಡಿಸಲಿ. ಬಿಲ್ಡರ್ ಮಾಡಿಕೊಡಬೇಕಾದ್ದು ಒಂದು ಪಟ್ಟಿಗೆ, ನಿವಾಸಿಗಳೇ ಮುಂದೆ ಮಾಡಿಸಬೇಕಾದ್ದು ವರ್ಷ ಮತ್ತು ಅಂದಾಜು ಖರ್ಚಿನ ಸಮೇತ ಇನ್ನೊಂದಕ್ಕೆ ಸೇರಲಿ. ಎರಡನೆಯ ಪಟ್ಟಿ ಪ್ರತಿ ವಾರ್ಷಿಕ ಸಭೆಯ ನೋಟಿಸಿನ ಜೊತೆ ಮನೆಮನೆಗೂ ತಲುಪಲಿ, ಮೇಂಟೆನೆನ್ಸ್ ದರದ ಚರ್ಚೆ ಅದನ್ನು ಓದಿದ ಮೇಲೆ ನಡೆಯಲಿ.